ದಂಡೆಯ ಮೇಲೆ ನಡೆದವಳು

ಸಾವಿರದ ಒಂಬೈನೂರ ಇಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದ ಮಾತು. ನರ್ಸಿಂಗ್ ಕಲಿತು ಹೊರಬಂದು ಬಹಳ ದಿನವಾಗಿರಲಿಲ್ಲ, ನನ್ನನ್ನು ಹುಬ್ಬಳ್ಳಿಯ ಹೊರಗಿನ ಪ್ಲೇಗ್ ಕ್ಯಾಂಪಿಗೆ ಹಾಕಿದರು. ಆಗ ಮನೆಯಲ್ಲಿ ಸತ್ತ ಇಲಿ ಬಿದ್ದರೆ ಸಾಕು, ಜನ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಮನೆಯಲ್ಲಿ ಜಡ್ಡು ಬಂದೇಬಿಟ್ಟಿದ್ದರೆ ಉಳಿದವರನ್ನು ಕ್ಯಾಂಪಿಗೆ ತರುತ್ತಿದ್ದರು. ಅಲ್ಲಿ ಎರಡು ತಗಡಿನ ಶೆಡ್ಡು. ಒಂದು ಕಾಂಟ್ಯಾಕ್ಟ್ ಶೆಡ್, ಎಂದರೆ ರೋಗಿಯ ಸಂಗಡ ಇದ್ದು ತಮಗೆ ಇನ್ನೂ ಜ್ವರ ಬಾರದವರನ್ನು ಅವಧಿ ಮುಗಿಯುವವರೆಗೆ ಇಡುವ ಜಾಗ. ಇನ್ನೊಂದು ಜಡ್ಡಿನವರದು. ನಡುವೆ ಬಯಲು, ಸುತ್ತ ಜಾಲಿಮುಳ್ಳಿನ ಬೇಲಿ.

ಒಳಗೆ ಬಂದವರು ಹೊರಗೆ ಹೋಗುವಂತಿಲ್ಲ ಎಂಬ ನಿಯಮ ನನಗೂ ಇತ್ತು. ಧಾರವಾಡದಲ್ಲಿ ಅವ್ವ ಒಬ್ಬಳೇ ಇದ್ದಳು. ಆ ಕಡೆ ಹೋಗುವ ಗಾಡಿಯ ಸಿಳ್ಳು ಕೇಳಿದಾಗ ಫಿನೈಲಿನ ಬಕೀಟು ಕೆಳಗಿಟ್ಟು ನಿಲ್ಲುತ್ತಿದ್ದೆ. ಬೇಲಿಯ ಮೇಲೆ ಹೊಗೆ ಮಾತ್ರ ಕಾಣುತ್ತಿತ್ತು. ಮತ್ತೆ ಬಕೀಟು ಎತ್ತಿಕೊಳ್ಳುತ್ತಿದ್ದೆ. ಬೆಳಿಗ್ಗೆ ಗಂಜಿ ಹಂಚುವುದು, ಟೆಂಪರೇಚರ್ ನೋಡುವುದು, ಬಗಲು ತೊಡೆಸಂದು ಮುಟ್ಟಿ ಗಂಟು ಹುಡುಕುವುದು, ಇಷ್ಟೇ ಕೆಲಸ. ನಾವು ಆ ಗಂಟಿಗೆ ಬ್ಯೂಬೋ ಎನ್ನುತ್ತಿದ್ದೆವು, ಜನ ಗಡ್ಡೆ ಎನ್ನುತ್ತಿದ್ದರು.

ಕಾಂಟ್ಯಾಕ್ಟ್ ಶೆಡ್ಡಿನ ಹೆಂಗಸರಿಗೆ ಮಾಡಲು ಏನೂ ಇರಲಿಲ್ಲ. ಕೂತು ಕಥೆ ಹೇಳುತ್ತಿದ್ದರು. ಭೂಮಿ ಹೇಗೆ ಹುಟ್ಟಿತು, ಮನುಷ್ಯನನ್ನು ಯಾವ ಮಣ್ಣಿನಿಂದ ಮಾಡಿದರು ಎಂದು ಶುರುವಾದ ಮಾತು ಕೊನೆಗೆ ಇಲಿಯ ಹತ್ತಿರವೇ ಬರುತ್ತಿತ್ತು. ಹಳೇ ಹುಬ್ಬಳ್ಳಿಯ ಮುದುಕಿ ಖಾಜಾಬಿ ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳಿದಳು. ಜಗತ್ತು ನೀರಿನಲ್ಲಿ ಮುಳುಗಿದಾಗ ನೂಹ್ ಪೈಗಂಬರರ ಹಡಗಿನಲ್ಲಿ ಇಲಿ ಹೆಚ್ಚಿ ಹಲಗೆ ಕಡಿಯತೊಡಗಿದವಂತೆ. ಆಗ ಸಿಂಹ ಸೀನಿತು, ಅದರ ಮೂಗಿನಿಂದ ಬೆಕ್ಕು ಜಿಗಿಯಿತು.

"ನಮ್ಮ ಮನುವಿನ ಹಡಗ ಮೀನ ಎಳಕೊಂಡು ಹೋತು," ಎಂದಳು ಮೂಲೆಯಲ್ಲಿ ಕೂಸಿಗೆ ಮೊಲೆ ಕೊಡುತ್ತಿದ್ದ ನೀಲವ್ವ. "ಅದರಾಗ ಋಷಿಗಳಿದ್ರು, ಬೀಜ ಇದ್ದವು. ಇಲಿ ಹತ್ತಿದ್ದು ನಾ ಕೇಳಿಲ್ಲ. ಹಂಗಾರ ಈ ಸುಡಗಾಡ ಇಲಿ ನಿಮ್ಮ ಹಡಗಿನವ ನೋಡಬೇ."

"ಆಗ್ಲೇಳ ಬೇಟಿ. ಬೆಕ್ಕೂ ನಮ್ಮ ಹಡಗಿಂದ. ನಿಮ್ಮ ಮನ್ಯಾಗಿನ್ವು ಎಲ್ಲಾ ತಿರುಗಿ ಕಳಸು."

ನಗು ಎದ್ದಿತು. ಕ್ರೈಸ್ತಳಾದ ನನ್ನನ್ನೂ ಕೇಳಿದರು. ನಮ್ಮ ಹಡಗಿನಲ್ಲಿ ಎಲ್ಲವೂ ಜೋಡಿ ಜೋಡಿಯಾಗಿ ಹತ್ತಿದ್ದವು, ಸೀನಿದ ಸುದ್ದಿ ಇಲ್ಲ ಎಂದೆ.

ನೀಲವ್ವ ಶಿರಗುಪ್ಪಿಯ ಸೊಸೆ, ಹೆರಿಗೆಗೆಂದು ಹುಬ್ಬಳ್ಳಿಯ ತವರಿಗೆ ಬಂದವಳು. ಬಾಣಂತನ ಮಾಡುತ್ತಿದ್ದ ತಾಯಿಯೇ ಪ್ಲೇಗಿಗೆ ಹೋದಳು. ನಾಲ್ಕು ತಿಂಗಳ ಹೆಣ್ಣುಕೂಸಿನ ಸಮೇತ ಇವಳನ್ನು ಕ್ಯಾಂಪಿಗೆ ತಂದರು. ಶಿರಗುಪ್ಪಿಯಿಂದ ಅವಳ ನಾದಿನಿ ಬಸವ್ವ ರೊಟ್ಟಿ ಬುತ್ತಿ ತಂದು ಬೇಲಿಯ ಹೊರಗೆ ಇಟ್ಟು ಹೋಗುತ್ತಿದ್ದಳು. ಗಂಡ ತೀರಿ, ಮಕ್ಕಳಿಲ್ಲದೆ, ತವರಿನಲ್ಲೇ ಉಳಿದ ಹೆಂಗಸು. ಅತ್ತಿಗೆ ನಾದಿನಿ ಬೇಲಿಯ ಆಚೆ ಈಚೆ ನಿಂತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಒಂದು ಬೆಳಿಗ್ಗೆ ನೀಲವ್ವ ಗಂಜಿಗೆ ಏಳಲಿಲ್ಲ. ಕೂಸಿನ ಸಮೇತ ಕೌದಿ ಹೊದ್ದು ಗೋಡೆಗೆ ಮುಖ ಮಾಡಿದ್ದಳು. ಹಣೆ ಮುಟ್ಟಿದೆ, ಸುಡುತ್ತಿತ್ತು. ತೊಡೆಸಂದಿನಲ್ಲಿ ಗಂಟು ಎದ್ದಿತ್ತು.

ಡಾಕ್ಟರರ ಹುಕುಂ ಸ್ಪಷ್ಟವಾಗಿತ್ತು: ತಾಯಿ ಜಡ್ಡಿನ ಶೆಡ್ಡಿಗೆ, ಕೂಸು ಬೇರೆ ಗುಡಿಸಲಿಗೆ, ಆಯಾ ಕೈಗೆ. ನೀಲವ್ವ ಕೂಸನ್ನು ಬಿಡಲಿಲ್ಲ. "ಸಂಜಿ ತನಕಾ ನೋಡ್ತೇನ್ರಿ, ನರ್ಸಬಾಯಿ," ಎಂದರು ಡಾಕ್ಟರರು. "ಆಮ್ಯಾಲೆ ಜವಾನರನ್ನ ಕಳಸಬೇಕಾಗ್ತದ. ಕೂಸು ಸತ್ತರ ಯಾರಿಗೆ ಉತ್ತರಾ ಹೇಳೂದು?"

ಅವರ ಮಾತು ತಪ್ಪಲ್ಲ. ತಾಯಿಯ ಮಗ್ಗುಲಲ್ಲಿದ್ದರೆ ಕೂಸು ಉಳಿಯುವ ಆಸೆ ಕಡಿಮೆ. ಆದರೆ ಜವಾನರು ಕಸಿದುಕೊಂಡರೆ, ನಾಳೆಯಿಂದ ಆ ಶೆಡ್ಡಿನಲ್ಲಿ ಯಾರೂ ತಮಗೆ ಜ್ವರ ಬಂದಿದೆಯೆಂದು ನನಗೆ ಹೇಳಲಾರರು. ಎರಡೂ ಕಡೆ ಬಾಗಿಲು ಮುಚ್ಚಿತ್ತು. ನಾನು ಅವಳ ಹತ್ತಿರ ಕೂತೆ.

"ದೇವಕಿ ಕೊಡಲಿಲ್ಲೇನವಾ?" ಎಂದೆ. "ಕೊಟ್ಟಿದ್ದಕ್ಕ ಕೂಸು ಉಳೀತು."

"ಕೊಟ್ಟು ಏನ ಕಂಡಳ್ರಿ? ಬೆಣ್ಣಿ ತಿಂದದ್ದು, ಅಂಬೆಗಾಲ ಇಟ್ಟದ್ದು ಎಲ್ಲಾ ಯಶೋದಾ ನೋಡಿದಳು." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಅಂದಳು, "ಆ ಕಥಿಯಾಗ ಒಂದು ಹೆಣ್ಣಕೂಸೂ ಇತ್ತಲ್ರಿ. ಅದನ್ನ ತಂದು ಈ ಕಡೆ ಹಾಕಿದ್ರು. ಅದಕ್ಕೇನಾತು? ಕಲ್ಲಿಗೆ ಬಡಿಯಾಕ ಎತ್ತಿದ್ರು. ನಂದು ಹೆಣ್ಣಕೂಸು."

"ಆಯಾ ಬ್ಯಾಡಂದ್ರ ನಿನ್ನ ನಾದಿನೀನ್ನ ಕರಸ್ತೇನಿ," ಎಂದೆ.

"ಆಕಿ ಬರಿಗೈಯಾಕಿ. ಎತ್ತಿಕೊಂಡ್ಲು ಅಂದ್ರ ಬಿಡತಾಳೇನ್ರಿ? ಕುಂತಿ ಹೊಳಿಯಾಗ ಬಿಟ್ಟಳು, ರಾಧಿ ಎತ್ತಿಕೊಂಡಳು. ಕರ್ಣ ತಿರುಗಿ ಬಂದನೇನು? ಬದುಕಿರೂತನಕಾ ರಾಧಿ ಮಗನ."

ಖಾಜಾಬಿ ತನ್ನ ಜಾಗದಲ್ಲೇ ಕೂತು ಹೇಳಿದಳು, "ನಮ್ಮಲ್ಲೂ ಒಬ್ಬ ತಾಯಿ ಹೊಳಿಯಾಗ ಬಿಟ್ಟಾಳ. ಮೂಸಾ ಪೈಗಂಬರರ ತಾಯಿ, ಬಾದಶಾಹ ಗಂಡಕೂಸು ಕೊಲ್ಲಸೂದಕ್ಕ ಹೆದರಿ ಪೆಟಗಿಯಾಗ ಇಟ್ಟು ಬಿಟ್ಟಳು. ಆಕಿ ಕೂಸು ತಿರುಗಿ ಬಂತು."

"ಹೆಂಗ?"

"ಪೆಟಗಿ ನೀರಾಗ ಹೋಗೂ ಮುಂದ ಕೂಸಿನ ಅಕ್ಕ ದಂಡಿ ಮ್ಯಾಲ ಸಂಗಾಟ ನಡದ್ಲು. ಬಾದಶಾಹನ ಹೇಣ್ತಿ ಎತ್ತಿಕೊಂಡ್ಲು. ಕೂಸು ಯಾರ ಮೊಲೀನೂ ಹಿಡೀಲಿಲ್ಲ. ಆವಾಗ ಈ ಅಕ್ಕ ಮುಂದ ಬಂದು, ಒಬ್ಬಾಕಿ ದಾಯಿ ಅದಾಳ, ಕರೀಲೇನು ಅಂದ್ಲು. ಕರದದ್ದು ಹಡದ ತಾಯೀನ."

ನಮ್ಮ ಶಾಸ್ತ್ರದಲ್ಲೂ ಅದೇ ಕಥೆಯಿದೆ, ಎತ್ತಿಕೊಂಡವಳು ಮಾತ್ರ ರಾಜನ ಮಗಳು ಎಂದೆ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ದಂಡೆಯ ಮೇಲೆ ನಡೆದ ಆ ಹುಡುಗಿಯ ಕಡೆ ನಾನು ಎಂದೂ ಲಕ್ಷ್ಯ ಕೊಟ್ಟಿರಲಿಲ್ಲ. ಕುಂತಿಯ ಪೆಟ್ಟಿಗೆಗೂ ಈ ಪೆಟ್ಟಿಗೆಗೂ ಇದ್ದ ಅಂತರ ಅವಳೊಬ್ಬಳೇ.

ನೀಲವ್ವ ಕೂಸಿನ ಮೇಲಿನ ಕೌದಿ ಸರಿಸಿ ಅದರ ಮುಖ ನೋಡಿದಳು. ಕಡೆಗೆ, "ಬಸವ್ವ ಬರ್ಲಿ," ಎಂದಳು. "ಆದರ ಊರಿಗೆ ಒಯ್ಯೂದಲ್ಲ. ನಾ ಮಲಗಿದಲ್ಲಿಂದ ನನಗ ಕಾಣ್ತಿರಬೇಕು."

ಬಸವ್ವ ಬೇಲಿಯ ಹೊರಗೆ ಬುತ್ತಿ ಇಟ್ಟು ನಿಂತಿದ್ದಳು. ಒಳಗೆ ಬಂದರೆ ಅವಧಿ ಮುಗಿಯುವ ತನಕ ಹೊರಗೆ ಬಿಡುವುದಿಲ್ಲ, ಜಡ್ಡು ನಿನಗೂ ಹತ್ತಬಹುದು ಎಂದು ಬಿಚ್ಚಿ ಹೇಳಿದೆ. ಹೊಲದಲ್ಲಿ ಹತ್ತಿ ಬಿಡಿಸುವ ಕಾಲ.

"ಹತ್ತಿ ಅಣ್ಣ ಬಿಡಿಸಿಕೊಳ್ತಾನ," ಎಂದಳು. "ಆಕಿ ಸಲುವಾಗಿ ಬರಾಕತ್ತಿಲ್ರಿ ನಾ. ನಮ್ಮ ಕೂಸಿನ ಸಲುವಾಗಿ." ಸೆರಗು ಸೊಂಟಕ್ಕೆ ಕಟ್ಟಿ ಬೇಲಿಯ ಮುಳ್ಳಿನ ಬಾಗಿಲು ದಾಟಿ ಬಂದಳು.

ಡಾಕ್ಟರರು ತಲೆ ಅಲ್ಲಾಡಿಸಿದರು. "ಇನ್ನೊಬ್ಬ ಹೆಣ್ಣಮಗಳನ್ನ ಜೇಲಿಗೆ ತಂದ್ರಿ, ನರ್ಸಬಾಯಿ." ಆದರೂ ಒಪ್ಪಿದರು. ಜವಾನರು ಬರಲಿಲ್ಲ. ಅಂದು ಸಂಜೆ ನೀಲವ್ವ ತಾನೇ ಕೂಸನ್ನು ನನ್ನ ಕೈಗೆ ಕೊಟ್ಟಳು.

ಗುಡಿಸಲು ಜಡ್ಡಿನ ಶೆಡ್ಡಿನ ಕಿಟಕಿಗೆ ಎದುರಾಗಿತ್ತು. ನಡುವಿನ ಬಯಲಿನಲ್ಲಿ ಒಂದು ಹಗ್ಗ ಕಟ್ಟಿಸಿದೆ, ಅದನ್ನು ದಾಟುವಂತಿಲ್ಲ. ಮೊದಲು ಕೂಸು ಒಳಲೆಯಲ್ಲಿ ಹಾಕಿದ ಆಡಿನ ಹಾಲನ್ನು ಉಗುಳುತ್ತಿತ್ತು. ಬಸವ್ವ ಅರಿವೆಯ ಚುಂಗು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು, ಚೀಪಿತು. ಬೆಳಿಗ್ಗೆ ಸಂಜೆ ಹಗ್ಗದ ತನಕ ಬಂದು ಕೂಸನ್ನು ಎತ್ತಿ ತೋರಿಸುತ್ತಿದ್ದಳು. ಕಿಟಕಿಯಲ್ಲಿ ನೀಲವ್ವನ ಕೈ ಕಾಣುತ್ತಿತ್ತು. ಆಮೇಲೆ ಕೈ ಕಾಣದಾಯಿತು. ಜ್ವರ ತಲೆಗೇರಿ ಅವಳು ಬಡಬಡಿಸುತ್ತಿದ್ದಳು. ಬಸವ್ವ ಆಗಲೂ ಬಂದು ನಿಂತಳು, ಬಿಸಿಲಿಗೆ ಕೂಸಿನ ಮೇಲೆ ಸೆರಗು ಮುಚ್ಚಿಕೊಂಡು. ಆಕಿಗೆ ಎಚ್ಚರಿಲ್ಲ, ನೆರಳಿಗೆ ಹೋಗು ಎಂದೆ.

"ಎಚ್ಚರಾದಾಗ ಕಾಣಬೇಕಲ್ರಿ," ಎಂದಳು.

ಗಡ್ಡೆ ಒಡೆದು ಕೀವು ಹೋಯಿತು. ಪ್ಲೇಗಿನಲ್ಲಿ ಅದು ಒಳ್ಳೆಯ ಲಕ್ಷಣ, ಒಡೆದವರು ಹಲವರು ಉಳಿಯುತ್ತಾರೆ. ನೀಲವ್ವ ಉಳಿದಳು, ಕೋಲಿನಂತಾಗಿದ್ದಳು. ಎದೆಹಾಲು ಬತ್ತಿತ್ತು.

ಬಿಡುಗಡೆಯ ದಿನ ಹಗ್ಗ ಬಿಚ್ಚಿದೆ. ಬಸವ್ವ ಬಂದು ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಹಿಂದೆ ಸರಿದಳು. ಕೂಸು ತಾಯಿಯ ಮುಖ ನೋಡಿ, ಹೊರಳಿ, ಬಸವ್ವನ ಕಡೆ ಕೈ ಚಾಚಿ ಅತ್ತಿತು. ನೀಲವ್ವ ಹೆದರಿದ್ದ ಕಥೆ ಇದೇ ಅಲ್ಲವೇ? ಅವಳು ಕೂಸಿನ ತಲೆ ಮೂಸಿದಳು, ಬೆನ್ನು ಸವರಿದಳು. ಆಮೇಲೆ ಎತ್ತಿ ನಾದಿನಿಯ ಕೈಗೆ ಕೊಟ್ಟಳು.

"ಶಿರಗುಪ್ಪಿ ತನಕಾ ಎತ್ತೂ ಶಕ್ತಿ ನನಗಿಲ್ಲ, ಬಸವಕ್ಕ. ನೀನ ಎತ್ತಿಕೊ. ನಾ ಮಗ್ಗಲಾಗ ನಡೀತೇನಿ."

ಕಮಾನು ಕಟ್ಟಿದ ಚಕ್ಕಡಿ ರಸ್ತೆಯಲ್ಲಿ ಕಾಯುತ್ತಿತ್ತು. ಅಲ್ಲಿಯವರೆಗೂ ಅವಳು ಹಾಗೆಯೇ ನಡೆದಳು, ಒಂದು ಕೈ ಕೂಸಿನ ಪಾದದ ಮೇಲಿಟ್ಟುಕೊಂಡು.

ರೋಗಿಯನ್ನು ಮನೆಯವರಿಂದ ಬೇರ್ಪಡಿಸುವುದನ್ನು ನನಗೆ ಟ್ರೇನಿಂಗಿನಲ್ಲಿ ಕಲಿಸಿದ್ದರು. ಜನ ಹೆದರುವುದು ಕೊಡುವುದಕ್ಕಲ್ಲ, ಕಣ್ಣು ತಪ್ಪುವುದಕ್ಕೆ ಎಂಬುದನ್ನು ಕಲಿತದ್ದು ಆ ಬೇಲಿಯೊಳಗೆ. ಈಗ ನನ್ನ ವಾರ್ಡಿನಲ್ಲಿ ಕೂಸನ್ನು ಒಳಗೆ ತೆಗೆದುಕೊಳ್ಳುವ ಮೊದಲು, ಕಿಟಕಿಯ ಹೊರಗೆ ಮನೆಯವರೊಬ್ಬರಿಗೆ ಕುರ್ಚಿ ಹಾಕಿಸುತ್ತೇನೆ. ದಾರಿಗೆ ಅಡ್ಡವೆಂದು ಹೊಸ ನರ್ಸುಗಳು ಗೊಣಗುತ್ತಾರೆ. ಗೊಣಗಲಿ, ಕುರ್ಚಿ ಅಲ್ಲೇ ಇರುತ್ತದೆ.