ಎಂಟು ಜನರ ಒಂದು ಧ್ವನಿ

ಯುಫ್ ಅವರ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ನಾವು ಹಾಡುವಾಗ ಹಿಂದಿನಿಂದ ಬಂದು ಸೊಂಟದ ಮೇಲ್ಗಡೆ ಬೆನ್ನಿಗೆ ಅಂಗೈ ಒತ್ತುತ್ತಿದ್ದರು, ಉಸಿರು ಅಲ್ಲಿಯ ತನಕ ಇಳಿದಿದೆಯೇ ಎಂದು ನೋಡಲು. ಎರಡು ಸ್ವೆಟರ್ ದಾಟಿ ಆ ತಂಪು ಚರ್ಮಕ್ಕೆ ತಾಗುತ್ತಿತ್ತು. ಇಳಿಯದಿದ್ದರೆ ಬೈಯುತ್ತಿರಲಿಲ್ಲ. ಇಳಿಯುವವರೆಗೆ ಕೈ ತೆಗೆಯುತ್ತಿರಲಿಲ್ಲ, ಅಷ್ಟೆ.

ಯುಫ್ ಎಂಬುದು ಹೆಸರಲ್ಲ. ಡಚ್ ಮಕ್ಕಳು ತಮ್ಮ ಟೀಚರಮ್ಮನನ್ನು ಕರೆಯುವ ರೀತಿ. ಜೀವಮಾನವೆಲ್ಲ ಪುಟ್ಟ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಅವರು, ನೈಮೆಗನ್‌ನ ಹಳೆಯ ಚರ್ಚೊಂದರ ಹಿಂದಿನ ಕೋಣೆಯಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಒಂದಷ್ಟು ಹೆಂಗಸರನ್ನು ಸೇರಿಸಿ ಹಾಡಿಸುತ್ತಿದ್ದರು. ಎಂಟು ಒಂಬತ್ತು ಶತಮಾನಗಳ ಹಿಂದೆ ಕ್ರೈಸ್ತ ಸನ್ಯಾಸಿನಿಯರು ಹಾಡುತ್ತಿದ್ದ ಲ್ಯಾಟಿನ್ ಹಾಡುಗಳು. ಪಕ್ಕವಾದ್ಯವಿಲ್ಲ, ತಾಳವಿಲ್ಲ.

ಗಂಡನ ಚಿಪ್ ಕಂಪನಿಯ ಕೆಲಸಕ್ಕಾಗಿ ಉಡುಪಿಯ ನನ್ನ ಬ್ಯಾಂಕ್ ನೌಕರಿ ಬಿಟ್ಟು ಬಂದಿದ್ದೆ. ಮಾತಾಡಲು ಜನವಿರಲಿಲ್ಲ. ಒಂದು ಮಂಗಳವಾರ ಚಳಿಗಾಳಿ ತಡೆಯಲಾರದೆ ಆ ಚರ್ಚಿಗೆ ನುಗ್ಗಿದವಳು, ಹಾಡು ಕೇಳಿ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆ.

"ಹಾಡೋಕೆ ಬಂದೆಯಾ, ಚಳಿಗೆ ಬಂದೆಯಾ?" ಎಂದು ಯುಫ್ ಇಂಗ್ಲಿಷಿನಲ್ಲಿ ಕೇಳಿದರು.

"ಚಳಿಗೆ," ಎಂದೆ.

"ಹಾಗಾದ್ರೆ ಹಾಡು. ಬೆಚ್ಚಗಾಗ್ತದೆ."

ಹೀಗೆ ಯುಫ್ ಸೇರಿದಂತೆ ಏಳು ಜನರ ಗುಂಪಿಗೆ ನಾನು ಎಂಟನೆಯವಳಾದೆ. ಲ್ಯಾಟಿನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಯುಫ್ ಒಮ್ಮೆ ಆ ಪುಸ್ತಕ ಎತ್ತಿಕೊಂಡು, ಅಕ್ಷರಗಳ ಸುತ್ತನ್ನು ಬೆರಳಿನಿಂದ ಹಿಂಬಾಲಿಸಿ, "ನಮ್ಮ ಹಳೇ ಸ್ವರಲಿಪಿಯ ಹಾಗೇ ಇದೆ. ನೀನು ನಮಗಿಂತ ಮೊದಲೇ ಕಲಿತು ಬಂದಿದ್ದೀ," ಎಂದರು. ಆ ದೇಶದಲ್ಲಿ ನನ್ನ ಬಳಿ ಏನೋ ಇದೆ ಎಂದು ಹೇಳಿದ ಮೊದಲನೆಯವರು ಅವರು. ಅವರು ಸಹಿಸದಿದ್ದುದು ಒಂದೇ, ಒಬ್ಬಳ ಧ್ವನಿ ಬೇರೆಯಾಗಿ ಕೇಳುವುದು. "ಈಗ ಒಬ್ಬಳು ಕೇಳಿಸಿದಳು. ನನಗೆ ಯಾರೂ ಕೇಳಿಸಬಾರದು, ಹಾಡು ಮಾತ್ರ," ಎನ್ನುತ್ತಿದ್ದರು. ತಾವೂ ನಮ್ಮ ನಡುವೆ ನಿಂತೇ ಹಾಡುತ್ತಿದ್ದರು.

ಎರಡು ಸಾವಿರದ ಇಪ್ಪತ್ತರ ಮಾರ್ಚ್‌ನಲ್ಲಿ ಒಂದು ಮಂಗಳವಾರ ನನ್ನ ಗಂಟಲು ಕೆರೆಯುತ್ತಿತ್ತು. ರೋಗದ ಸುದ್ದಿ ಆಗಲೇ ಟಿವಿ ತುಂಬ ಇತ್ತು.

"ಗಂಟಲು ಸರಿ ಇಲ್ಲ ಅಂತೀಯಲ್ಲ, ಇವತ್ತು ಹೋಗುದು ಬೇಡ," ಎಂದರು ನನ್ನ ಗಂಡ.

"ವಾರಕ್ಕೆ ಒಂದೇ ದಿನ ಮಾರಾಯ್ರೆ. ಹೋಗಿ ಬರ್ತೇನೆ," ಎಂದೆ.

ಹೋದ ಮೇಲೆ ಯುಫ್‌ಗೆ ಹೇಳಿದೆ. ಅವರು ಫ್ಲಾಸ್ಕಿನಿಂದ ಶುಂಠಿ ಚಹಾ ಬಗ್ಗಿಸಿ ಕೊಟ್ಟು, "ಇವತ್ತು ನನ್ನ ಪಕ್ಕ ನಿಲ್ಲು, ಧ್ವನಿ ಎತ್ತಬೇಡ," ಎಂದರು. ಎರಡು ಗಂಟೆ ಭುಜಕ್ಕೆ ಭುಜ ತಾಗಿಸಿ ಹಾಡಿದೆವು.

ಹತ್ತು ದಿನಗಳಲ್ಲಿ ನಮ್ಮಲ್ಲಿ ನಾಲ್ವರು ಮಲಗಿದರು. ನನಗೆ ಎರಡು ದಿನದ ಜ್ವರ ಬಂದು ಹೋಯಿತು. ಯುಫ್ ಆಸ್ಪತ್ರೆ ಸೇರಿದರು. ಯಾರಿಗೂ ನೋಡಲು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರದೇ ಫೋನ್ ಬಂತು. ಪ್ರತಿ ಎರಡು ಪದಕ್ಕೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು.

"ಯುಫ್, ಆವತ್ತು ನನ್ನ ಗಂಟಲು..." ಎಂದು ಶುರು ಮಾಡಿದೆ.

"ಪಕ್ಕಕ್ಕೆ ಕರೆದದ್ದು ನಾನು," ಎಂದರು. ಉಸಿರೆಳೆದುಕೊಂಡು, "ಆವತ್ತಿನ ಹಾಡಿನ ಎರಡನೇ ಚರಣ ಕಲಿತೆಯಾ?"

ಕಲಿತಿರಲಿಲ್ಲ. ಕಲಿತೆ ಎಂದೆ.

"ಹಾಡು."

ಅಡುಗೆಮನೆಯಲ್ಲಿ ನಿಂತು, ಪುಸ್ತಕ ನೋಡಿಕೊಂಡು, ತಪ್ಪು ತಪ್ಪಾಗಿ ಹಾಡಿದೆ. ಅವರು ತಿದ್ದಲಿಲ್ಲ. ಅವರು ತಿದ್ದದೆ ಬಿಟ್ಟದ್ದು ಅದೊಂದೇ ಸಲ. ಚರಣ ಮುಗಿಯುವ ಮೊದಲೇ ನರ್ಸ್ ಫೋನ್ ತೆಗೆದುಕೊಂಡು, ಅವರಿಗೆ ಸುಸ್ತಾಗಿದೆ ಎಂದಳು. ನಾಲ್ಕನೆಯ ದಿನ ಯುಫ್ ಹೋದರು.

ಅಂತ್ಯಸಂಸ್ಕಾರದಲ್ಲಿ ಹಾಡುವಂತಿರಲಿಲ್ಲ. ನಮ್ಮ ಹಳೆಯ ರೆಕಾರ್ಡಿಂಗ್ ಹಾಕಿದರು. ನಾನು ಅದನ್ನು ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಕೇಳಿದೆ. ಅವರ ಧ್ವನಿಯೊಂದನ್ನೇ ಹಿಡಿಯಲು ಎಷ್ಟು ಕಿವಿಗೊಟ್ಟರೂ ಆಗಲಿಲ್ಲ. ಅವರು ಹಾಗೆ ಕಲಿಸಿದ್ದರು.

ಮತ್ತೆ ಒಟ್ಟಿಗೆ ಹಾಡಬಹುದು ಎಂದಾದಾಗ ವರ್ಷದ ಮೇಲಾಗಿತ್ತು. ಅದೇ ಕೋಣೆಯಲ್ಲಿ ಏಳು ಕುರ್ಚಿಗಳನ್ನು ದೂರ ದೂರ ಇಟ್ಟು ಕುಳಿತೆವು. ಯಾರಾದರೂ ಶ್ರುತಿ ಹಿಡಿಯುವ ಮೊದಲು ನಾನು ಎದ್ದು ನಿಂತು, ಆ ಮಂಗಳವಾರ ನನಗೆ ಗಂಟಲು ಕೆರೆಯುತ್ತಿತ್ತು, ಗೊತ್ತಿದ್ದೂ ಬಂದಿದ್ದೆ ಎಂದು ಹೇಳಿದೆ. ಬೈಯಲಿ ಎಂದೇ ಹೇಳಿದ್ದೆ.

ಆಮೇಲೆ ನಮ್ಮಲ್ಲೇ ಹಿರಿಯರಾದ, ಹೂವಿನಂಗಡಿಯ ಹೆಂಗಸು ನೆಲ ನೋಡುತ್ತ, "ಆ ವಾರ ನನ್ನ ಮೊಮ್ಮಗಳಿಗೆ ಜ್ವರ ಇತ್ತು. ಅವಳನ್ನು ಮಲಗಿಸಿ ಬಂದಿದ್ದೆ," ಎಂದರು. ಕಿಟಕಿಯ ಪಕ್ಕದವಳು, ತಾನು ಆ ಮಂಗಳವಾರದ ಹಿಂದಿನ ದಿನವಷ್ಟೇ, ರೋಗ ಹಬ್ಬಿದ್ದ ಆಸ್ಟ್ರಿಯಾದ ಹಿಮದಲ್ಲಿ ರಜೆ ಮುಗಿಸಿ ಬಂದಿದ್ದೆನೆಂದೂ, ರೋಗ ತಾನೇ ತಂದೆನೇನೋ ಎಂಬ ಭಯವನ್ನು ಇದುವರೆಗೆ ಗಂಡನಿಗೂ ಹೇಳಿಲ್ಲವೆಂದೂ ಹೇಳಿ ಮುಖ ಮುಚ್ಚಿಕೊಂಡಳು. ಮತ್ತೊಬ್ಬಳು ಏನೋ ಹೇಳಹೊರಟು ಹೇಳಲಾರದೆ ಕೈ ಆಡಿಸಿದಳು.

ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಹತ್ತಿರ ಹೋಗಿ ತಬ್ಬಿಕೊಳ್ಳುವ ಕಾಲ ಅದಾಗಿರಲಿಲ್ಲ. ಹಾಡಲೂ ಇಲ್ಲ. ಕುರ್ಚಿಗಳನ್ನು ಗೋಡೆಗೆ ಸರಿಸಿ, ಸೈಕಲ್ ಹತ್ತಿ ಮನೆಗೆ ಹೋದೆವು.

ಮುಂದಿನ ಮಂಗಳವಾರ ನಾನು ಹೋದಾಗ ಉಳಿದ ಆರು ಜನರ ಸೈಕಲ್‌ಗಳೂ ಹೊರಗೆ ನಿಂತಿದ್ದವು.