ಬೆರಳು ಸರಿಯಿತ್ತು, ಹಬ್ ಸರಿಯಿರಲಿಲ್ಲ

ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಬೆರಳನ್ನು ಯಂತ್ರ ತೆಗೆದುಕೊಳ್ಳುವುದಿಲ್ಲ ಎಂಬುದು ಭದ್ರಾವತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಬಿಸಿ ಕಬ್ಬಿಣ, ಎರಕದ ಮರಳು, ಗ್ರೀಸು ಹಿಡಿದು ಹಿಡಿದು ಬೆರಳ ತುದಿಯ ಗೆರೆಗಳೇ ಸವೆದುಹೋಗಿರುತ್ತವೆ. ಅದು ಸುಳ್ಳಲ್ಲ. ಆದರೆ ಆ ನಿಜದ ಮರೆಯಲ್ಲಿ ನಾನು ನನ್ನ ತಪ್ಪನ್ನು ಬಚ್ಚಿಟ್ಟೆ. ಅದನ್ನು ಬರೆದು ಹಗುರಾಗಬೇಕು ಅನ್ನಿಸಿದೆ.

ಇದೇ ಊರಿನ ಜನ್ನಾಪುರದಲ್ಲಿ ನನ್ನ ಮಗಳದೊಂದು ಅಂಗಡಿಯಿದೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಅಲ್ಲಿಯ ಕೆಲಸ. ನವೆಂಬರ್ ಬಂತೆಂದರೆ ಪಿಂಚಣಿಯವರ ಸಾಲು ನಿಲ್ಲುತ್ತದೆ. ಬದುಕಿದ್ದೇವೆ ಎಂದು ಬೆರಳೊತ್ತಿ ತೋರಿಸಿದರೆ ಮಾತ್ರ ಪಿಂಚಣಿ ಮುಂದುವರಿಯುತ್ತದೆ. ಆ ತಿಂಗಳು ಬೆರಳೊತ್ತಿಸುವ ಕೆಲಸ ನನ್ನದು. ಹತ್ತನೇ ತರಗತಿ ಮುಗಿಸಿ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗ ಸೇರಿದವನು ನಾನು. ಹಳೆಯ ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ಎದುರಿನ ಕುರ್ಚಿಗೆ ಬಂದು ಕೂರುವಾಗ ನನಗೆ ಮತ್ತೆ ಡ್ಯೂಟಿಗೆ ಹೋದಷ್ಟು ಹುರುಪು.

ಮಗಳ ಕಂಪ್ಯೂಟರ್ ಹಳೆಯದು. ಮುಂದಿನ ಯುಎಸ್‌ಬಿ ಕಿಂಡಿಗಳು ಕೆಟ್ಟಿವೆ. ಹಿಂದಿನವು ಕೀಬೋರ್ಡು, ಮೌಸು, ಪ್ರಿಂಟರಿಗೇ ಹೆಚ್ಚುಕಡಿಮೆ ಮುಗಿದುಹೋಗುತ್ತವೆ. ಅದಕ್ಕೆ ನಾನೇ ಹೋಗಿ ಒಂದು ಹಬ್ ತಂದಿದ್ದೆ. ಒಂದು ಕಿಂಡಿಯನ್ನು ನಾಲ್ಕು ಮಾಡಿಕೊಡುವ ಪುಟ್ಟ ಪೆಟ್ಟಿಗೆ ಅದು. ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿ ನೇತುಹಾಕಿದ್ದರು. ನೀಲಿ ಬಣ್ಣ ಚೆನ್ನಾಗಿದೆ ಎಂದು ಆರಿಸಿಕೊಂಡೆ. ಅದಕ್ಕೆ ಸ್ವಂತ ಅಡಾಪ್ಟರ್ ಇರಲಿಲ್ಲ. ಕಂಪ್ಯೂಟರಿನ ಒಂದು ಕಿಂಡಿಯಿಂದ ಬರುವ ಚೂರು ಕರೆಂಟನ್ನೇ ಅದು ನಾಲ್ವರಿಗೂ ಹಂಚಬೇಕು. ಬೆರಳು ಓದುವ ಯಂತ್ರ, ವೆಬ್‌ಕ್ಯಾಮ್, ಮಗಳ ಹಾರ್ಡ್ ಡಿಸ್ಕ್ ಅದಕ್ಕೇ ಜೋತುಬಿದ್ದವು. ಉಳಿದ ಒಂದು ಕಿಂಡಿಗೆ ನಾನು ನನ್ನ ಮುಖಕ್ಕೆ ಗಾಳಿ ಬೀಸುವ ಪುಟ್ಟ ಫ್ಯಾನು ಚುಚ್ಚಿದೆ. ಜನ ತುಂಬಿದರೆ ನನಗೆ ಸೆಕೆ ತಡೆಯುವುದಿಲ್ಲ.

ಎರಕದ ವಿಭಾಗದಲ್ಲಿದ್ದ ನನ್ನ ಗೆಳೆಯ ಈಗ ಶಿವಮೊಗ್ಗದ ನವುಲೆಯಲ್ಲಿದ್ದಾನೆ. ಅಲ್ಲೇ ಇಂಥ ಅಂಗಡಿಗಳು ಬೇಕಾದಷ್ಟಿದ್ದರೂ ಬೆರಳೊತ್ತಲು ಬಸ್ಸು ಹತ್ತಿ ನನ್ನ ಹತ್ತಿರವೇ ಬಂದ. ಒತ್ತಿದ. ಯಂತ್ರದ ಕೆಂಪು ದೀಪ ಹತ್ತಿತು, ಆರಿತು. ಮತ್ತೆ ಒತ್ತಿದ. ಮತ್ತೆ ಆರಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ನಾನು ಓದುವ ಗೋಜಿಗೇ ಹೋಗಲಿಲ್ಲ.

"ನಿಂದು ಬೆರಳಲ್ಲ ಮಾರಾಯ, ಇಸ್ತ್ರಿ ಪೆಟ್ಟಿಗೆ ತಳ!" ಎಂದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಕೊಬ್ಬರಿ ಎಣ್ಣೆ ಹಚ್ಚು, ಒರಟು ಕೆಲಸ ಮುಟ್ಟಬೇಡ, ಬೆರಳು ಮೆತ್ತಗಾಗಲಿ ಎಂದು ವೈದ್ಯನ ಹಾಗೆ ಹೇಳಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದ. ಮತ್ತೆ ಅದೇ ಕತೆ. ಈ ಸಲ ಅವನು ನಗಲಿಲ್ಲ.

"ನಾನು ಬದುಕಿದೀನಿ ಅಂತ ನಿಂಗೆ ಕಾಣ್ತಿದೆ ತಾನೆ?"

"ನಂಗೆ ಕಂಡ್ರೆ ಸಾಕೇನೋ? ಅದಕ್ಕೆ ಕಾಣ್ಬೇಕಲ್ಲ!"

ಎದ್ದು ಅಂಗೈಯನ್ನೊಮ್ಮೆ ನೋಡಿಕೊಂಡು ಹೊರಟುಹೋದ. ಕೆಲವರದು ಹೇಗೋ ಆಗುತ್ತಿತ್ತು, ಅವನ ಹಾಗೆ ವಾಪಸ್ ಹೋದವರೂ ಇದ್ದರು. ತಿಂಗಳು ಮುಗಿಯುತ್ತ ಬಂದಿತ್ತು.

ಒಂದು ಮಧ್ಯಾಹ್ನ ಮಗಳು ಮೇಜು ಒರೆಸಲು ನನ್ನ ಫ್ಯಾನಿನ ವೈರು ಕಿತ್ತಿಟ್ಟಳು. ಆಗಲೇ ಕೂತ ಒಬ್ಬ ಹಳೆಯ ಫಿಟ್ಟರ್ ಬೆರಳಿಟ್ಟರು. ಆ ಕ್ಷಣವೇ ತೆಗೆದುಕೊಂಡಿತು! ಅವರ ಬೆರಳು ನನ್ನ ಗೆಳೆಯನದಕ್ಕಿಂತ ನುಣುಪು. ಅವರು ಹೋದ ಮೇಲೆ ಫ್ಯಾನು ಚುಚ್ಚಿ ನೋಡಿದೆ. ಬೆರಳಿನ ಯಂತ್ರದ ದೀಪ ಪಕ್ಕನೆ ಆರಿತು. ಕಿತ್ತೆ, ಹತ್ತಿತು. ಚುಚ್ಚಿದೆ, ಆರಿತು. ಒಂದೇ ಲೈನಿಗೆ ಹೊರೆ ಹೆಚ್ಚಾದರೆ ವೋಲ್ಟೇಜು ಕುಸಿಯುತ್ತದೆ. ಜೀವಮಾನವೆಲ್ಲ ನಾನು ಮಾಡಿದ ಕೆಲಸವೇ ಅದನ್ನು ಕಾಯುವುದು. ಅದೇ ನನ್ನ ಮೂಗಿನ ಕೆಳಗೆ ನಡೆಯುತ್ತಿತ್ತು. ಕಂಡುಹಿಡಿದ ಖುಷಿಯೋ ಸಿಕ್ಕಿಬಿದ್ದ ಭಯವೋ ಗೊತ್ತಾಗದೆ ಬೆವತುಬಿಟ್ಟೆ.

ಆಮೇಲೆ ಮಾಡಿದ್ದೇ ನಿಜವಾದ ತಪ್ಪು. ಅಷ್ಟರಲ್ಲಿ ಇನ್ನೊಬ್ಬರು ಬಂದು ಕೂತರು. ಫ್ಯಾನು ಇರಲಿಲ್ಲ, ಆದರೆ ಮಗಳು ಹಾರ್ಡ್ ಡಿಸ್ಕಿನಿಂದ ಏನೋ ನಕಲು ಮಾಡುತ್ತಿದ್ದಳು. ದೀಪ ಆರಿತು. ಕಾರಣ ಈಗ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಾಯಿಯಿಂದ ಬಂದದ್ದು ಇದು: "ಬೆರಳು ಸವೆದಿದೆ, ಎಣ್ಣೆ ಹಚ್ಚಿಕೊಂಡು ನಾಳೆ ಬನ್ನಿ."

ಅವರು ಎದ್ದುಹೋದರು. ಅಂಗಡಿ ಮುಚ್ಚುವ ಹೊತ್ತಿಗೆ ಮಗಳಿಗೆ ಎಲ್ಲವನ್ನೂ ಹೇಳಿದೆ.

"ಮನೇಲಿ ಒಂದು ಪ್ಲಗ್ಗಿಗೆ ಎರಡು ಸಿಗಿಸಿದ್ರೆ ರಂಪ ಮಾಡ್ತಿದ್ದೋನು ನೀನೇ ಅಲ್ವೇನಪ್ಪ?" ಎಂದಳು. "ನಾಳೆನೇ ಶಿವಮೊಗ್ಗಕ್ಕೆ ಹೋಗು. ಅಡಾಪ್ಟರ್ ಇರೋ ಹಬ್ ತಗೊಂಬಾ. ಬಣ್ಣ ನೋಡಿ ತರ್ಬೇಡ."

ಬೆಳಿಗ್ಗೆ ಬೆರಳಿನ ಯಂತ್ರ, ವೆಬ್‌ಕ್ಯಾಮ್, ಹಾರ್ಡ್ ಡಿಸ್ಕ್ ಎಲ್ಲವನ್ನೂ ಕೈಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಮದುವೆಯ ಜವಳಿಗೆ ಹೊರಟವರ ಸಡಗರ ನನ್ನೊಳಗೆ. ಕಂಪ್ಯೂಟರ್ ಅಂಗಡಿಯ ಸಾಹೇಬರು ಮೊದಲು ಒಂದು ಡಬ್ಬಿ ಇಟ್ಟರು. ಏಳು ಕಿಂಡಿ, ಅಡಾಪ್ಟರೂ ಇತ್ತು. ಅಡಾಪ್ಟರ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಐದು ವೋಲ್ಟ್, ಒಂದು ಆಂಪಿಯರ್.

"ಏಳು ಜನ ಊಟಕ್ಕೆ ಕೂತಿದ್ದಾರೆ, ನೀವು ಒಂದು ಮುದ್ದೆ ತಂದಿಟ್ರಲ್ಲ ಸಾಹೇಬ್ರೆ!"

ಅವರು ಜೋರಾಗಿ ನಕ್ಕು ಇನ್ನೊಂದು ತೆಗೆದರು. ನಾಲ್ಕೇ ಕಿಂಡಿ, ಆದರೆ ಅಡಾಪ್ಟರ್ ನಾಲ್ಕು ಆಂಪಿಯರಿನದು. ಪ್ರತಿ ಕಿಂಡಿಗೂ ಬೇರೆ ಸ್ವಿಚ್ಚು. ಕಂಪ್ಯೂಟರಿಗೆ ಹೋಗುವ ವೈರು ಗಿಡ್ಡ, ದಪ್ಪ. ನಾನು ತಂದಿದ್ದನ್ನೆಲ್ಲ ಅವರ ಕಂಪ್ಯೂಟರಿಗೆ ಒಟ್ಟಿಗೇ ಜೋಡಿಸಿ ನೋಡಬೇಕು ಎಂದೆ. ಜೋಡಿಸಿದರು. ಹಾರ್ಡ್ ಡಿಸ್ಕ್ ಗರಗರ ಎನ್ನುತ್ತಿತ್ತು, ವೆಬ್‌ಕ್ಯಾಮಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಕೆಂಪು ದೀಪ ಮಿಸುಕಲಿಲ್ಲ. ಕಂಪ್ಯೂಟರನ್ನು ಪೂರ್ತಿ ಆರಿಸಿ, ಹಬ್‌ನ ಅಡಾಪ್ಟರ್ ಮಾತ್ರ ಹಾಗೇ ಬಿಡಿ ಎಂದೆ. ಕಂಪ್ಯೂಟರಿನ ಯಾವ ದೀಪವೂ ಮಿನುಗಲಿಲ್ಲ. ಎಂದರೆ ಹಬ್‌ನ ಕರೆಂಟು ಹಿಂದಕ್ಕೆ ಕಂಪ್ಯೂಟರಿಗೆ ಹರಿಯುತ್ತಿಲ್ಲ. ಅಬ್ಬಾ! ಚಪ್ಪಾಳೆ ತಟ್ಟುವುದೊಂದು ಬಾಕಿ.

"ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೇಳಲ್ಲ ಯಜಮಾನ್ರೇ," ಎಂದರು ಸಾಹೇಬರು, ರಸೀದಿಗೆ ವಾರಂಟಿಯ ಮೊಹರು ಒತ್ತುತ್ತ.

ಡಬ್ಬಿ ಚೀಲದಲ್ಲಿಟ್ಟುಕೊಂಡು ನೇರವಾಗಿ ನವುಲೆಗೆ ಸಿಟಿ ಬಸ್ಸು ಹತ್ತಿದೆ. ಗೆಳೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬೆರಳುಗಳು ಎಣ್ಣೆಯಿಂದ ಫಳಫಳ ಹೊಳೆಯುತ್ತಿದ್ದವು. ಅವನ ಹೆಂಡತಿ ಪೇಪರು ತಂದು, ಅವನು ಮುಟ್ಟಿ ಕೊಳೆ ಮಾಡಬಾರದೆಂದು, ತಾನೇ ಪುಟ ತಿರುವಿ ಹಿಡಿದಿದ್ದರು. ಅದನ್ನು ನೋಡಿ ನನ್ನ ಹುರುಪೆಲ್ಲ ಇಳಿದುಹೋಯಿತು. ಅವರು ಕಾಫಿ ತರಲು ಒಳಗೆ ಹೋದಾಗ ಹೇಳಿಬಿಟ್ಟೆ.

"ನಿನ್ನ ಬೆರಳು ಕೆಟ್ಟಿರ್ಲಿಲ್ಲ ಕಣೋ. ನಾನು ತಂದ ಹಬ್ ಕೆಟ್ಟದ್ದು. ಅದರ ಮೇಲೆ ನನ್ನ ಫ್ಯಾನು ಬೇರೆ. ತಪ್ಪು ನಂದು."

ಅವನು ಎಣ್ಣೆ ಮೆತ್ತಿದ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ. ಬೈದಿದ್ದರೆ ಸುಲಭವಾಗುತ್ತಿತ್ತು.

"ಆವತ್ತಿಂದ ಇವಳು ನನ್ನ ಕೈಲಿ ಒಂದು ಲೋಟ ತೊಳ್ಸಿಲ್ಲ. ಗಿಡಕ್ಕೆ ಪಾತಿ ಮಾಡೋಕೂ ಬಿಟ್ಟಿಲ್ಲ," ಎಂದ. "ಮೊನ್ನೆ ರಾತ್ರಿ ಕೇಳಿದ್ಲು, ಪಿಂಚಣಿ ನಿಂತ್ರೆ ಏನ್ರೀ ಮಾಡೋದು ಅಂತ. ನಾನು ಇನ್ನಷ್ಟು ಎಣ್ಣೆ ಹಚ್ಕೊಂಡೆ. ನೀನು ಫ್ಯಾನ್ ಗಾಳಿ ತಗೊಳ್ತಿದ್ದೆ."

ಕಾಫಿ ಬಂತು. ಅವನು ಕುಡಿದು ಲೋಟ ಕೆಳಗಿಟ್ಟು, "ಅಂಗಿ ಹಾಕ್ಕೊಂಡು ಬರ್ತೀನಿ, ನಡಿ," ಎಂದ.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಅಂಗಡಿ ತುಂಬಿತ್ತು. ಮಗಳು ಹಳೆಯ ಹಬ್ ಕಿತ್ತು ಹೊಸದನ್ನು ಜೋಡಿಸಿದಳು. ಗೆಳೆಯ ಸೋಪು ಹಾಕಿ ಎಣ್ಣೆ ತೊಳೆದು, ಒರೆಸಿಕೊಂಡು ಬೆರಳಿಟ್ಟ. ಎರಕದವನ ಬೆರಳಲ್ಲವೇ, ನಿಜವಾಗಿಯೂ ಸವೆದಿದ್ದರೆ? ಮೊದಲ ಸಲ ತೆಗೆದುಕೊಳ್ಳಲಿಲ್ಲ. ಆದರೆ ದೀಪ ಆರಲಿಲ್ಲ, ಗಟ್ಟಿಯಾಗಿ ಉರಿಯುತ್ತಲೇ ಇತ್ತು. ಮಗಳು ಅವನ ತೋರುಬೆರಳನ್ನು ಸ್ವಲ್ಪ ವಾಲಿಸಿ ಮೆಲ್ಲಗೆ ಒತ್ತಿದಳು. ಪರದೆ ಹಸಿರಾಯಿತು. "ತಗೊಂತು!" ಎಂದು ನಾನು ಕೂಗಿದ ಕೂಗಿಗೆ ಜೆರಾಕ್ಸ್ ಮಾಡಿಸುತ್ತಿದ್ದ ಹೆಂಗಸು ಬೆಚ್ಚಿಬಿದ್ದರು.

ಪ್ರಮಾಣಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ ಗೆಳೆಯ ಕುರ್ಚಿ ಬಿಟ್ಟು ಏಳಲಿಲ್ಲ.

"ಇಸ್ತ್ರಿ ಪೆಟ್ಟಿಗೆ ಅಂತ ಇಷ್ಟು ಜನದೆದುರು ಅಂದೆ. ನನ್ನ ಮನೇಲಿ ಗುಟ್ಟಾಗಿ ತಪ್ಪಾಯ್ತು ಅಂದ್ರೆ ಆಯ್ತಾ?"

ಎದ್ದು ನಿಂತೆ. ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಕೇಳುವ ಹಾಗೆ, ಹಬ್‌ನ ವಿಷಯ, ಫ್ಯಾನಿನ ವಿಷಯ, ಕಾರಣ ಗೊತ್ತಾದ ಮೇಲೂ ಒಬ್ಬರನ್ನು ಸುಳ್ಳು ಹೇಳಿ ಕಳಿಸಿದ ವಿಷಯ, ಎಲ್ಲ ಹೇಳಿದೆ. ಒಬ್ಬರೂ ನಗಲಿಲ್ಲ.

"ಹಂಗಾದ್ರೆ ವಾಪಸ್ ಹೋದೋರ ಗತಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇವನೇ ಹೋಗಿ ಕರ್ಕೊಂಡು ಬರ್ತಾನೆ," ಎಂದ ಗೆಳೆಯ. ಎದ್ದು ಬಂದು ನನ್ನ ಕುರ್ಚಿಯಲ್ಲಿ ಕೂತ. "ಅಲ್ಲೀವರೆಗೂ ಬೆರಳು ನಾನು ಒತ್ತಿಸ್ತೀನಿ. ಎಲ್ಲಿ ವಾಲಿಸ್ಬೇಕು ಅಂತ ಈಗ ಗೊತ್ತಾಯ್ತಲ್ಲ. ಯಾರಮ್ಮ ಮುಂದಿನೋರು?"

ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ಹಿಂದಿನ ದಿನ ಸುಳ್ಳು ಹೇಳಿ ಕಳಿಸಿದವರ ಮನೆ ಹತ್ತಿರದಲ್ಲೇ ಇತ್ತು. ಅಲ್ಲಿಗೇ ಮೊದಲು ಹೋದೆ. ಬಾಗಿಲು ತೆಗೆದವರು ಅವರೇ. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಮುಂದೆ ಚಾಚಿ, "ಎಣ್ಣೆ ಹಚ್ಚಿದೀನಿ ನೋಡಿ, ಇನ್ನೂ ಮೆತ್ತಗಾಗಿಲ್ಲ," ಎಂದರು. ಆ ಕೈಗಳನ್ನು ಹಿಡಿದುಕೊಂಡೇ ನಾನು ಮಾತು ಶುರುಮಾಡಿದೆ.