ಅವಳ ಕಾರಣ, ನನ್ನ ಇಂಗ್ಲಿಷ್

ಹೋದ ತಿಂಗಳು ನನ್ನ ಮನೆಯಲ್ಲಿ, ನನ್ನದೇ ಕೋಣೆಯಿಂದ ನನ್ನನ್ನು ಹೊರಗೆ ಕಳಿಸಿದರು. ಕಳಿಸಿದವರು ಲ್ಯಾಪ್‌ಟಾಪಿನ ಪರದೆಯೊಳಗಿದ್ದ ಮೂವರು ಪ್ರೊಫೆಸರುಗಳು. ತಪ್ಪು ನನ್ನದೇ ಆಗಿದ್ದರಿಂದ ಸುಮ್ಮನೆ ಎದ್ದು ಹೋದೆ.

ನಾನು ಚನ್ನಗಿರಿಯಲ್ಲಿ ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು. ಹಾಗಾಗಿ ಸುತ್ತಲಿನ ಊರುಗಳಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬೇಕಾದರೂ ನನ್ನ ಬಾಗಿಲು ತಟ್ಟುತ್ತಾರೆ. ಅದರ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. (ಇತ್ತು. ಗಮನಿಸಿ.)

ಮಂಜಪ್ಪ ಬಂದದ್ದೂ ಅದಕ್ಕೇ. ಸಂತೇಬೆನ್ನೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಅವರದು. ಜೊತೆಗೆ ಮಗಳು ಸುಧಾ. ಸೆಕೆಂಡ್ ಪಿಯುಸಿ ಮುಗಿಸಿದ್ದಳು. ಒಂದು ಸರ್ಕಾರಿ ವಿಶ್ವವಿದ್ಯಾಲಯದ ಐದು ವರ್ಷದ ಫಿಸಿಕ್ಸ್ ಕೋರ್ಸಿಗೆ ಅರ್ಜಿ ಹಾಕಬೇಕಿತ್ತು. ಸೀಟುಗಳು ಬೆರಳೆಣಿಕೆ. ಎಂಟ್ರೆನ್ಸ್ ಪಾಸಾಗಿತ್ತು. ಇನ್ನು ‘ಈ ಕೋರ್ಸ್ ನಿಮಗೆ ಯಾಕೆ ಬೇಕು’ ಎಂದು ಒಂದು ಪುಟ, ಆಮೇಲೆ ಸಂದರ್ಶನ.

“ನೀವೇ ಬರ್ದು ಕೊಡ್ರಿ ಮೇಡಂ. ಆಕೆ ಲೆಕ್ಕ ಚೆನ್ನಾಗಿ ಮಾಡ್ತಾಳೆ, ಇಂಗ್ಲಿಷ್ ಬರಿಯಾಕೆ ಹೆದರ್ತಾಳೆ,” ಎಂದರು ಮಂಜಪ್ಪ.

ಬರೆದೆ. ಅರ್ಧ ಗಂಟೆ ಹಿಡಿಯಿತು. ಬಾಲ್ಯದಿಂದಲೂ ಪ್ರತಿ ಸಂಜೆ ಮನೆಯ ತಾರಸಿಯ ಮೇಲೆ ನಿಂತು ನಕ್ಷತ್ರಗಳನ್ನು ನೋಡುತ್ತಿದ್ದ ಹುಡುಗಿ, ವಿಶ್ವದ ರಹಸ್ಯಗಳಿಗೆ ಮನಸೋತವಳು, ಇತ್ಯಾದಿ. ಒಂದು ಸ್ಪೆಲಿಂಗ್ ತಪ್ಪಿಲ್ಲ. ಸುಧಾ ಎರಡು ಸಲ ಓದಿ, “ಚೆನ್ನಾಗೈತೆ ಮೇಡಂ,” ಎಂದಳು. ಕಳಿಸಿದೆವು.

ಅವಳಿಗೆ ಒಂದೇ ಒಂದು ಪ್ರಶ್ನೆಯನ್ನಾದರೂ ಕೇಳಿದೆನೇ? ಇಲ್ಲ.

ಸಂದರ್ಶನ ಆನ್‌ಲೈನ್. ಅವರ ಮನೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲವೆಂದು ನಮ್ಮಲ್ಲಿಗೇ ಬಂದರು. ಮಂಜಪ್ಪ ಜಗಲಿಯ ಮೇಲೆ ಕೂತರು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಮೂಲೆಯ ಕುರ್ಚಿಯಲ್ಲಿ. ಅವಳ ಧೈರ್ಯಕ್ಕೆ ಎಂದುಕೊಂಡಿದ್ದೆ.

ಮೂವರಲ್ಲಿ ಒಬ್ಬರು ಕನ್ನಡದವರು. ಸುಧಾ ಮೊದಲೇ ಅನುಮತಿ ಕೇಳಿ, ಇಂಗ್ಲಿಷ್ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಆ ಕನ್ನಡದವರೇ ನನ್ನ ಪುಟವನ್ನು ಕೈಗೆತ್ತಿಕೊಂಡರು.

“ನಿಮ್ಮ ತಾರಸಿಯಿಂದ ಈಗ ಯಾವ ಯಾವ ನಕ್ಷತ್ರ ಕಾಣುತ್ತಮ್ಮ?”

ಸುಧಾ ನಾನು ಕೂತಿದ್ದ ಮೂಲೆಯ ಕಡೆ ಒಮ್ಮೆ ನೋಡಿದಳು.

“ಸರ್, ನಮ್ಮನೆಗೆ ತಾರಸಿ ಇಲ್ಲ. ಶೀಟಿನ ಮನೆ.”

“ಹಾಗಾದರೆ ಇಲ್ಲಿ ಬರೆದಿರೋದು?”

“ಅದು ಮೇಡಂ ಬರ್ದಿದ್ದು ಸರ್. ಇಲ್ಲೇ ಕೂತಿದಾರೆ.”

ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದಳು, ಅಷ್ಟೆ. ಪರದೆಯೊಳಗೆ ಮೂವರೂ ಏನೋ ಮಾತಾಡಿಕೊಂಡರು. ಆಮೇಲೆ ಆ ಕನ್ನಡದವರದೇ ಮೃದುವಾದ ದನಿ: “ಅವರಿಗೆ ಸ್ವಲ್ಪ ಹೊರಗೆ ಇರೋಕೆ ಹೇಳ್ತೀರಾ?”

ಪರೀಕ್ಷೆಯ ಹಾಲ್‌ನಿಂದ ಎಷ್ಟು ಮಕ್ಕಳನ್ನು ನಾನು ಹೀಗೆ ಎಬ್ಬಿಸಿ ಕಳಿಸಿಲ್ಲ? ಎದ್ದು ಹೋಗುವವರ ಕಾಲು ಎಷ್ಟು ಭಾರವಾಗಿರುತ್ತದೆಂದು ಆವತ್ತು ಗೊತ್ತಾಯಿತು.

“ಮುಗೀತೇನ್ರೀ ಮೇಡಂ?” ಎಂದರು ಮಂಜಪ್ಪ.

“ಇಲ್ಲ. ನನ್ನನ್ನು ಹೊರಗೆ ಹಾಕಿದರು.”

ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಟವೆಲ್‌ನಿಂದ ಮುಖ ಒರೆಸಿಕೊಂಡು ರಸ್ತೆ ನೋಡುತ್ತ ಕೂತರು. ಬಯ್ದಿದ್ದರೆ ಮೇಲಿತ್ತು.

ಇಪ್ಪತ್ತು ನಿಮಿಷ ಬಿಟ್ಟು ಸುಧಾ ಹೊರಗೆ ಬಂದಳು. ಏನು ಕೇಳಿದರು ಎಂದೆ.

“ಹಂಗಾದ್ರೆ ನಿಜವಾಗ್ಲೂ ಯಾಕೆ ಬೇಕು ಅಂತ ಕೇಳಿದ್ರು. ಅಪ್ಪನ ಅಂಗಡಿ ವಿಷಯ ಹೇಳ್ದೆ. ಅಪ್ಪ ಹಳೇ ತಂತಿ ಬಿಚ್ಚಿ ಎಷ್ಟು ಸುತ್ತು ಐತೆ ಅಂತ ಎಣಿಸ್ತಾರೆ, ಹೊಸದನ್ನೂ ಅಷ್ಟೇ ಸುತ್ತು ಹಾಕ್ತಾರೆ. ಕಮ್ಮಿ ಹಾಕಿದ್ರೆ ಮೋಟಾರ್ ಬಿಸಿ ಆಗ್ತೈತೆ. ಯಾಕೆ ಅಂತ ಕೇಳಿದ್ರೆ ಅಪ್ಪಂಗೆ ಗೊತ್ತಿಲ್ಲ. ಪಿಯುಸಿ ಪುಸ್ತಕದಾಗೆ ಅರ್ಧ ಸಿಕ್ತು. ಇನ್ನರ್ಧ ಬೇಕು ಅಂದೆ.”

ಮಂಜಪ್ಪ ತಲೆ ಎತ್ತಿದರು. “ಅಷ್ಟು ದೊಡ್ಡೋರ ಮುಂದೆ ನಿಮ್ಮಪ್ಪಂಗೆ ಗೊತ್ತಿಲ್ಲ ಅಂತ ಹೇಳ್ಬಿಟ್ಟಾ?”

“ನೀನೇ ಹೇಳಿದ್ಯಲ್ಲಪ್ಪ, ಗೊತ್ತಿಲ್ಲ ಅಂತ.”

ಅವರು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. “ಹೌದು, ಗೊತ್ತಿಲ್ಲ,” ಎಂದರು. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದ ಮನುಷ್ಯ ಹಾಗೆ ಹೇಳಲು ಎಷ್ಟು ಗಟ್ಟಿ ಎದೆ ಬೇಕೋ.

ನಾನು ಸುಧಾಳ ಕ್ಷಮೆ ಕೇಳಿದೆ. “ಮೊದಲೇ ನಿನ್ನನ್ನ ಕೇಳಬೇಕಿತ್ತು,” ಎಂದೆ.

“ಕೇಳಿದ್ರೂ ನಾನು ಇದನ್ನ ಹೇಳ್ತಿರ್ಲಿಲ್ಲ ಮೇಡಂ. ಮೋಟಾರ್ ವಿಷಯ ಅಲ್ಲೆಲ್ಲ ಬರಿಬಾರ್ದು ಅಂದ್ಕೊಂಡಿದ್ದೆ.”

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವಳಿಗೆ ಹಾಗೆ ಅನ್ನಿಸುವಂತೆ ಮಾಡಿದವರು ಯಾರು? ನನ್ನಂಥವರೇ. ಹೊನ್ನಾಳಿಯ ಒಬ್ಬ ಗೆಳತಿಗೆ ಫೋನಿನಲ್ಲಿ ಈ ಕತೆ ಹೇಳಿದೆ. ಅವಳೂ ಟೀಚರ್. ನಕ್ಕು, ತಾನು ಡಾಕ್ಟರ್ ಆಗುವ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗಳನ್ನೆಲ್ಲ ‘ಚಿಕಿತ್ಸೆ ಸಿಗದೆ ನನ್ನ ಅಜ್ಜಿ ತೀರಿಕೊಂಡಳು’ ಎಂದೇ ಶುರು ಮಾಡುವುದೆಂದಳು. ನ್ಯಾಮತಿಯ ಮಕ್ಕಳಿಗೂ ಅದೇ, ಜಗಳೂರಿನವರಿಗೂ ಅದೇ. ಪಾಪ, ಆ ಒಬ್ಬ ಅಜ್ಜಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಸಲ ಸತ್ತಿದ್ದಾಳೋ. (ಅವರಲ್ಲೊಬ್ಬ ಹುಡುಗನ ನಿಜವಾದ ಅಜ್ಜಿ ಈಗಲೂ ಸಂತೆಯಲ್ಲಿ ಸೊಪ್ಪು ಮಾರುತ್ತಾಳಂತೆ.)

ಮೊದಲ ಪಟ್ಟಿಯಲ್ಲಿ ಸುಧಾಳ ಹೆಸರಿರಲಿಲ್ಲ. ಆ ಹತ್ತು ದಿನ ನನಗೆ ಊಟ ರುಚಿಸಲಿಲ್ಲ. ಎರಡನೆಯದರಲ್ಲಿ ಬಂತು, ಕೊನೆಯಿಂದ ಮೂರನೆಯವಳಾಗಿ. ಮಂಜಪ್ಪ ಅಂಕಪಟ್ಟಿಯನ್ನು ನನ್ನ ಫೋನಿಗೆ ಕಳಿಸಿದರು. ಸಂದರ್ಶನಕ್ಕೆ ಇಪ್ಪತ್ತಕ್ಕೆ ಹದಿನೆಂಟು. ನಾನು ಬರೆದ ಪುಟಕ್ಕೆ ಹತ್ತಕ್ಕೆ ಎರಡು.

ಸರಿಯಾಗಿಯೇ ಹಾಕಿದ್ದಾರೆ. ಆ ಪುಟದಲ್ಲಿ ವ್ಯಾಕರಣ ಬಿಟ್ಟರೆ ಇನ್ನೇನಿತ್ತು?

ಸುಧಾ ಈಗ ಹಾಸ್ಟೆಲ್ ಸೇರಿದ್ದಾಳೆ. ಇಂಗ್ಲಿಷ್ ಕಷ್ಟವಾಗುತ್ತಿದೆಯಂತೆ, ಬಿಟ್ಟು ಬರುವುದಿಲ್ಲವಂತೆ. ನನಗೆ ಉಳಿದಿರುವುದು ಒಂದೇ ಪ್ರಶ್ನೆ.

ಹದಿನೇಳರ ಮಕ್ಕಳನ್ನು ‘ನಿನಗೆ ಏನು ಬೇಕು’ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳಲು ನಾವೇಕೆ ಬಾಯಿ ಹಾಕುತ್ತೇವೆ?